ನಾಡಕಚೇರಿ ಅರ್ಜಿಗಳ ಕೇಂದ್ರೀಕೃತ ನಿರ್ವಹಣೆ: ಬೇಗೂರು ಹೋಬಳಿ

ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರು ಹೋಬಳಿಯ ನಾಡಕಚೇರಿಯಲ್ಲಿ ಜಾತಿ, ಆದಾಯ ಮುಂತಾದ ಪ್ರಮಾಣಪತ್ರಗಳಿಗೆ ಸಲ್ಲಿಸಲಾಗುವ ಅರ್ಜಿಗಳು ಕಚೇರಿಯ ಗಣಕಯಂತ್ರದಲ್ಲಿ ಉಳಿಯದೆ, ಅಂತರ್ಜಾಲದ ಮೂಲಕ ರಾಜ್ಯಮಟ್ಟದ ಕೇಂದ್ರೀಕೃತ ದತ್ತಾಂಶ ಕೋಶದಲ್ಲಿ ದಾಖಲಾಗುತ್ತವೆ. ಆದುದರಿಂದ ಕಚೇರಿಯ ಯಂತ್ರವು ಕೆಟ್ಟರೂ ದಾಖಲಾದ ಅರ್ಜಿಯು ನಾಶವಾಗುವುದಿಲ್ಲ.

ಇಂತಹ ವ್ಯವಸ್ಥೆಯ ವಿಶ್ವಾಸಾರ್ಹತೆಯು ಅಧಿಕಾರದ ವಿಂಗಡಣೆಯನ್ನು ಅವಲಂಬಿಸಿದೆ. ವಿವರಗಳನ್ನು ನಮೂದಿಸುವವರು ಗಣಕಯಂತ್ರ ನಿರ್ವಾಹಕರು. ಸ್ಥಳ ಪರಿಶೀಲನೆಯ ವರದಿ ನೀಡುವವರು ಕಂದಾಯ ಸಿಬ್ಬಂದಿ. ಡಿಜಿಟಲ್ ಸಹಿಯೊಂದಿಗೆ ಅನುಮೋದಿಸುವವರು ಸಕ್ಷಮ ಅಧಿಕಾರಿ. 2000ನೇ ಇಸವಿಯ ಸುಮಾರಿಗೆ ಜಾರಿಗೆ ಬಂದ 'ಭೂಮಿ' ಯೋಜನೆಯಲ್ಲಿಯೂ ಪಹಣಿ ತಿದ್ದುವ ಸಿಬ್ಬಂದಿಗೆ ಬೆರಳಚ್ಚಿನ ಗುರುತನ್ನು ಕಡ್ಡಾಯಗೊಳಿಸಿ, ಯಾರು ತಿದ್ದಿದರೆಂಬುದು ದಾಖಲೆಯಲ್ಲಿ ಉಳಿಯುವಂತೆ ಮಾಡಲಾಯಿತು.

ಅರ್ಜಿದಾರರ ಗಮನಕ್ಕೆ:

1. ಸಹಿಯಾದ ಪ್ರಮಾಣಪತ್ರವನ್ನು ನಿರ್ವಾಹಕರು ತಿದ್ದಲಾರರು. ಹೆಸರಿನ ಒಂದು ಅಕ್ಷರ ತಪ್ಪಿದರೂ ವಿದ್ಯಾರ್ಥಿವೇತನಕ್ಕೆ ತೊಡಕಾಗಬಹುದು. ಆದ್ದರಿಂದ ಸ್ವೀಕೃತಿಯಲ್ಲಿನ ವಿವರಗಳನ್ನು ಕಚೇರಿಯಲ್ಲಿಯೇ ಪರಿಶೀಲಿಸತಕ್ಕದ್ದು.

2. ಸ್ವೀಕೃತಿ ಸಂಖ್ಯೆಯನ್ನು ಕಾಯ್ದಿರಿಸಿಕೊಳ್ಳತಕ್ಕದ್ದು. ಅರ್ಜಿಯ ಸ್ಥಿತಿಯನ್ನು ಅದರಿಂದಲೇ ತಿಳಿಯಬಹುದಾಗಿದೆ.

3. ನಿಗದಿತ ಅವಧಿಯಲ್ಲಿ ಸೇವೆ ದೊರೆಯದಿದ್ದಲ್ಲಿ, 2011ರ ಸಕಾಲ ಅಧಿನಿಯಮದಡಿ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನವೊಂದಕ್ಕೆ ರೂ. 20ರಂತೆ ಗರಿಷ್ಠ ರೂ. 500ರವರೆಗೆ ಪರಿಹಾರ ವೆಚ್ಚಕ್ಕೆ ಅವಕಾಶವಿದೆ.