ಅಮ್ಮನ ನಾಡಿಗೆ ಬಂದ ದಾಕು

ಶ್ರೀರಂಗಪಟ್ಟಣ ಬಿದ್ದು ಆರು ವರ್ಷ ಕಳೆದಿತ್ತು. ಮೈಸೂರಿನ ಸಿಂಹಾಸನದಲ್ಲಿ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರು. ರಾಜ್ಯಭಾರ ದಿವಾನ್ ಪೂರ್ಣಯ್ಯನವರದು. ಅಂತಃಪುರದಲ್ಲಿ ಹಿರಿಯ ರಾಜಮಾತೆ ಲಕ್ಷ್ಮಮ್ಮಣ್ಣಿಯವರ ಮಾತೇ ಮಾತು. 1805ರಲ್ಲಿ ಅರಸರ ಕೈಹಿಡಿಯಲು ದೇವಾಜಮ್ಮಣ್ಣಿ ಆ ಅರಮನೆಗೆ ಬಂದರು. ವಧೂವರರಿಬ್ಬರಿಗೂ ಹನ್ನೆರಡರ ಆಸುಪಾಸು.

ಆ ಕಾಲದಲ್ಲಿ ಸಿಡುಬು ಬರಿಯ ರೋಗವಲ್ಲ, ಅಮ್ಮನ ಆಗಮನ. ಮೈಮೇಲೆ ಬೊಕ್ಕೆ ಎದ್ದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಒಲೆಯ ಮೇಲೆ ಒಗ್ಗರಣೆ ಸಿಡಿಯುವಂತಿರಲಿಲ್ಲ. ಮಾರಮ್ಮನಿಗೆ ತಂಪು ಒಪ್ಪಿಸಿ, ಶಾಂತಳಾಗಿ ಗಡಿ ದಾಟು ತಾಯೇ ಎಂದು ಬೇಡಿಕೊಳ್ಳುತ್ತಿದ್ದರು. ಅಂಥವಳ ದಾರಿಗೆ ಪರಂಗಿಯವರ ಸೂಜಿ ಅಡ್ಡ ಬರುವುದೆಂದರೆ ಅಪಚಾರವಲ್ಲದೆ ಇನ್ನೇನು?

ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ ಗೋವಿನ ಸಿಡುಬಿನ ದಾಕನ್ನು ಲೋಕಕ್ಕೆ ಸಾರಿದ್ದು 1798ರಲ್ಲಿ. ಅದು ಹಿಂದೂಸ್ಥಾನದಲ್ಲಿ ಮೊದಲು ಫಲಿಸಿದ್ದು 1802ರ ಜೂನ್ 14ರಂದು, ಮುಂಬಯಿಯ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿನ ತೋಳಿನಲ್ಲಿ. ಒಣಗಿಸಿ ಕಳಿಸಿದ ದ್ರವ ಬಿಸಿಲ ನಾಡಿನಲ್ಲಿ ಸತ್ವ ಕಳೆದುಕೊಳ್ಳುತ್ತಿತ್ತು. ಹಾಗಾಗಿ ಸುಮಾರು ಎಂಟನೆಯ ದಿನ ಒಂದು ಮಗುವಿನ ತೋಳಿನ ಗುಳ್ಳೆಯಿಂದ ರಸ ತೆಗೆದು ಇನ್ನೊಂದರ ತೋಳಿಗೆ ಚುಚ್ಚಬೇಕು. ತೊಡಕು ಇದ್ದದ್ದು ಅಲ್ಲೇ. ಯಾರ ಮಗು? ಯಾವ ಜಾತಿ? ಯಾರ ಮೈಯ ಕೀವು ಯಾರ ರಕ್ತಕ್ಕೆ? ದೇವಿಯ ಕೋಪಕ್ಕೆ ಹರಕೆಯುಂಟು, ಮೈಲಿಗೆಯ ಲೆಕ್ಕ ಅಷ್ಟು ಸುಲಭಕ್ಕೆ ಬಗೆಹರಿಯುವಂಥದ್ದಲ್ಲ. ಇಂಗ್ಲಿಷರೇನೂ ನಗುವಂತಿರಲಿಲ್ಲ ಬಿಡಿ: ದಾಕು ಹಾಕಿಸಿಕೊಂಡವರ ಮೈಯಿಂದ ದನಗಳು ಮೊಳೆಯುವ ವ್ಯಂಗ್ಯಚಿತ್ರವನ್ನು ಜೇಮ್ಸ್ ಗಿಲ್ರೇ ಅದೇ 1802ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ್ದ.

ಮದರಾಸಿನಲ್ಲಿ ಕಂಪನಿಯ ಅಧಿಕಾರಿ ಎಲ್ಲಿಸ್, ಸಂಸ್ಕೃತ ಬಲ್ಲವನು, ಬೇರೊಂದು ದಾರಿ ಹಿಡಿದ. ದಾಕಿನ ಮಹಿಮೆಯನ್ನು ಸಂಸ್ಕೃತ ಪದ್ಯವಾಗಿ ಹೊಸೆದು, ಹಳೆಯ ಕಾಗದದ ಮೇಲೆ ಬರೆಸಿ, ಎಲ್ಲೋ ಸಿಕ್ಕಿದ ಪ್ರಾಚೀನ ಕೃತಿಯೆಂದು ಹಬ್ಬಿಸಿದ. ಜಾಣ ಉಪಾಯವೇ ಸರಿ. ಆದರೆ ವಿಜ್ಞಾನದ ಹೆಸರಿನಲ್ಲಿ ಸುಳ್ಳು ಶಾಸ್ತ್ರ ಕಟ್ಟಿದವನನ್ನು ಮೆಚ್ಚಲು ಮನಸ್ಸು ಬಾರದು.

ಮೈಸೂರಿಗೆ ಖೊಟ್ಟಿ ಶ್ಲೋಕ ಬೇಕಾಗಲಿಲ್ಲ. ಲಕ್ಷ್ಮಮ್ಮಣ್ಣಿಯವರು ತಮ್ಮ ಪತಿಯನ್ನೇ ಸಿಡುಬಿಗೆ ಕಳೆದುಕೊಂಡವರೆಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಹೇಳುತ್ತಾರೆ. ಎಳೆಯ ರಾಣಿಗೆ ದಾಕು ಹಾಕಿಸಲಾಯಿತು. ಅದನ್ನು ಕಂಡು ಪ್ರಜೆಗಳೂ ಮುಂದೆ ಬಂದರೆಂದು 1806ರ ಜುಲೈಯ ದಾಖಲೆಯೊಂದು ತಿಳಿಸುತ್ತದೆ. ಅಮ್ಮನ ಪೂಜೆ ಇದರಿಂದ ನಿಲ್ಲಲಿಲ್ಲ. ನಿಲ್ಲಬೇಕೆಂದು ಅರಮನೆಯೂ ಬಯಸಲಿಲ್ಲ.

1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ವರ್ಣಚಿತ್ರವೊಂದಿದೆ. ಚಾನ್ಸಲರ್ ಗುರುತಿಸಿದಂತೆ ನಡುವೆ ಇರುವವರು ಲಕ್ಷ್ಮಮ್ಮಣ್ಣಿ. ಬಲಬದಿಯ ಕಿರಿಯ ರಾಣಿ ದೇವಾಜಮ್ಮಣ್ಣಿ ಸೀರೆ ಸರಿಸಿ ದಾಕು ಹಾಕಿದ ತೋಳನ್ನು ತೋರುತ್ತಾರೆ. ಎಡಬದಿಯ ಮತ್ತೊಬ್ಬ ರಾಣಿಯ ಮೂಗು-ಬಾಯಿಗಳ ಸುತ್ತ ಮಾಸಲು ಬಿಳುಪು. ಅದು ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿಗೆ ಊದುತ್ತಿದ್ದ ಹಳೆಯ ತಡೆಕ್ರಮದ ಗುರುತಿರಬೇಕೆಂದು ಚಾನ್ಸಲರ್ ಊಹಿಸುತ್ತಾರೆ. ಎಂದರೆ, ಅಮ್ಮನನ್ನು ನಂಬಿದವರು ಕೈಕಟ್ಟಿ ಕುಳಿತಿರಲಿಲ್ಲ. ಪರಂಗಿ ಸೂಜಿ ಬರುವ ಮೊದಲೇ ಬೇವಿನ ತೋರಣದ ಒಳಗೆ ಅವರದೇ ಒಂದು ಪ್ರಯೋಗ ನಡೆದಿತ್ತು.

ಪರಪುರುಷರ ಕಣ್ಣಿಗೆ ಬೀಳದ ರಾಜಸ್ತ್ರೀಯರು ಹೀಗೆ ಚಿತ್ರಕಾರನ ಮುಂದೆ ನಿಂತದ್ದು ಸಣ್ಣ ಸಂಗತಿಯಲ್ಲ. ಎರಡು ಶತಮಾನದ ಬಳಿಕ, 2007ರಲ್ಲಿ, ಆ ಚಿತ್ರ ಸದಬೀಸ್ ಹರಾಜಿಗೆ ಬಂತು. ಚಾನ್ಸಲರ್ ಗುರುತಿಸುವ ಮೊದಲು ಅವರನ್ನು ನರ್ತಕಿಯರೆಂದೇ ಬಗೆದಿದ್ದರು.