ಆಫ್ರಿಕಾ ಒಕ್ಕೂಟ: ಹೊಸ ನಾಯಕತ್ವದ ನೀತಿ ಆದ್ಯತೆಗಳು (2025ರಿಂದ)

ಆಫ್ರಿಕಾ ಒಕ್ಕೂಟವು 55 ರಾಷ್ಟ್ರಗಳ ಸಂಘಟನೆ. 1963ರ ಮೇ 25ರಂದು ಆಡಿಸ್ ಅಬಾಬಾದಲ್ಲಿ ಹುಟ್ಟಿದ ಆಫ್ರಿಕಾ ಏಕತಾ ಸಂಘಟನೆಯ ಸ್ಥಾನದಲ್ಲಿ ಇದು 2002ರ ಜುಲೈಯಲ್ಲಿ ಡರ್ಬನ್‌ನಲ್ಲಿ ಕಾರ್ಯಾರಂಭ ಮಾಡಿತು. ಒಕ್ಕೂಟದ ಅಧ್ಯಕ್ಷಪದವಿ ರಾಷ್ಟ್ರನಾಯಕರ ನಡುವೆ ವರ್ಷಕ್ಕೊಮ್ಮೆ ಬದಲಾಗುತ್ತದೆ. ದೈನಂದಿನ ಆಡಳಿತ ನಡೆಸುವುದು ಆಯೋಗ. ಅದರ ಅಧ್ಯಕ್ಷರ ಅವಧಿ ನಾಲ್ಕು ವರ್ಷ. ಒಮ್ಮೆ ಮರುಆಯ್ಕೆಗೆ ಅವಕಾಶವಿದೆ. ಈ ಲೇಖನದ ವಿಷಯ ಆಯೋಗದ ನಾಯಕತ್ವ.

ಆಯ್ಕೆ

2025ರ ಫೆಬ್ರವರಿ 15ರಂದು ಜಿಬೂಟಿಯ ಮಹಮೂದ್ ಅಲಿ ಯೂಸುಫ್ ಆಯೋಗದ ಅಧ್ಯಕ್ಷರಾಗಿ ಚುನಾಯಿತರಾದರು. 2005ರಿಂದ ತಮ್ಮ ದೇಶದ ವಿದೇಶಾಂಗ ಸಚಿವರಾಗಿದ್ದ ಅವರು ಚಾಡ್‌ನ ಮೂಸಾ ಫಕಿ ಮಹಮತ್ ಅವರ ಉತ್ತರಾಧಿಕಾರಿ. ಕೆನ್ಯಾದ ರೈಲಾ ಒಡಿಂಗಾ ಮೊದಲ ಸುತ್ತಿನಲ್ಲಿ ಮುಂದಿದ್ದರೂ ಗೆಲುವಿಗೆ ಬೇಕಾದ ಮೂರನೆಯ ಎರಡರಷ್ಟು ಬಹುಮತ ಯೂಸುಫ್ ಅವರಿಗೆ ಏಳನೆಯ ಸುತ್ತಿನಲ್ಲಿ 33 ಮತಗಳೊಂದಿಗೆ ದೊರೆಯಿತು. ಮಾಲಿ, ಬುರ್ಕಿನಾ ಫಾಸೊ, ನೈಜರ್, ಸುಡಾನ್, ಗಿನಿ ಮತ್ತು ಗ್ಯಾಬೊನ್ ಅಮಾನತಿನಲ್ಲಿದ್ದುದರಿಂದ ಮತ ಹಾಕಲಿಲ್ಲ. ಉಪಾಧ್ಯಕ್ಷೆಯಾಗಿ ಅಲ್ಜೀರಿಯದ ಸೆಲ್ಮಾ ಮಲಿಕಾ ಹದ್ದಾದಿ ಆಯ್ಕೆಯಾದರು.

ಹಣಕಾಸು ಸ್ವಾವಲಂಬನೆ

ಹೊಸ ನಾಯಕತ್ವದ ಉಳಿದ ಆದ್ಯತೆಗಳೆಲ್ಲ ಬಹುಮಟ್ಟಿಗೆ ಹಣಕಾಸು ಸ್ವಾವಲಂಬನೆಯನ್ನೇ ಅವಲಂಬಿಸಿವೆ. 2011ರವರೆಗೆ ಅಲ್ಜೀರಿಯ, ಈಜಿಪ್ಟ್, ಲಿಬಿಯ, ನೈಜೀರಿಯ ಮತ್ತು ದಕ್ಷಿಣ ಆಫ್ರಿಕಾ ಸದಸ್ಯ ವಂತಿಗೆಯ ಸುಮಾರು ಮುಕ್ಕಾಲು ಪಾಲನ್ನು ಹೊರುತ್ತಿದ್ದವು. ಆ ವರ್ಷ ಲಿಬಿಯದಲ್ಲಿ ಗದ್ದಾಫಿ ಆಡಳಿತ ಕುಸಿದಾಗ ಈ ವ್ಯವಸ್ಥೆ ಎಷ್ಟು ದುರ್ಬಲವೆಂಬುದು ಬಯಲಾಯಿತು. ಕಾರ್ಯಕ್ರಮಗಳ ವೆಚ್ಚದ ದೊಡ್ಡ ಭಾಗವನ್ನು ಆಗಲೂ ಹೊರಗಿನ ದಾನಿಗಳೇ ಭರಿಸುತ್ತಿದ್ದರು. 2012ರಲ್ಲಿ ಉದ್ಘಾಟನೆಯಾದ ಕೇಂದ್ರ ಕಚೇರಿಯ ಕಟ್ಟಡವೂ ಚೀನಾದ ಕೊಡುಗೆ.

2015ರಲ್ಲಿ ಜೋಹಾನ್ಸ್‌ಬರ್ಗ್ ಶೃಂಗಸಭೆ ಒಂದು ಗುರಿ ನಿಗದಿಪಡಿಸಿತು: ಆಡಳಿತ ವೆಚ್ಚದ ಶೇ. 100, ಕಾರ್ಯಕ್ರಮ ವೆಚ್ಚದ ಶೇ. 75 ಮತ್ತು ಶಾಂತಿ ಕಾರ್ಯಾಚರಣೆಗಳ ಶೇ. 25ನ್ನು ಸದಸ್ಯರೇ ಭರಿಸಬೇಕು. ಮರುವರ್ಷ ಕಿಗಾಲಿಯಲ್ಲಿ, ಆಫ್ರಿಕಾ ಅಭಿವೃದ್ಧಿ ಬ್ಯಾಂಕಿನ ಮಾಜಿ ಅಧ್ಯಕ್ಷ ಡೊನಾಲ್ಡ್ ಕಬೆರುಕ ಅವರ ಸಲಹೆಯಂತೆ, ಖಂಡದ ಹೊರಗಿನಿಂದ ಬರುವ ಅರ್ಹ ಆಮದುಗಳ ಮೇಲೆ ಶೇ. 0.2 ಸುಂಕ ವಿಧಿಸುವ ತೀರ್ಮಾನವಾಯಿತು. ಬಂದರಿಗೆ 100 ಡಾಲರ್ ಮೌಲ್ಯದ ಸರಕು ಬಂದರೆ ಒಕ್ಕೂಟದ ಲೆಕ್ಕಕ್ಕೆ 20 ಸೆಂಟ್. ಸುಂಕದ ಇಲಾಖೆ ವಸೂಲಿ ಮಾಡಿದ ಹಣ ಆಯಾ ದೇಶದ ಕೇಂದ್ರ ಬ್ಯಾಂಕಿನಲ್ಲಿರುವ ಒಕ್ಕೂಟದ ಖಾತೆಗೆ ಜಮೆಯಾಗುತ್ತದೆ. ವಂತಿಗೆ ಸಂದ ಮೇಲೆ ಉಳಿದದ್ದು ಆ ದೇಶದ್ದೇ. ಕಾಗದದ ಮೇಲೆ ಇಷ್ಟು ಸರಳವಾದ ವ್ಯವಸ್ಥೆಯನ್ನು ಕೆಲವೇ ದೇಶಗಳು ಜಾರಿಗೆ ತಂದವು. ವ್ಯಾಪಾರ ಪಾಲುದಾರರಲ್ಲಿ ತಾರತಮ್ಯ ಕೂಡದೆಂಬ ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಕ್ಕೆ ಇದು ವಿರುದ್ಧವೆಂಬ ಆಕ್ಷೇಪವೂ ಎದ್ದಿತು. ಒಕ್ಕೂಟದ ಸುಧಾರಣೆ ಕುರಿತು 2017ರಲ್ಲಿ ಸಲ್ಲಿಕೆಯಾದ ರುವಾಂಡಾ ಅಧ್ಯಕ್ಷ ಪಾಲ್ ಕಗಾಮೆ ಅವರ ವರದಿಯೂ ಒತ್ತಿ ಹೇಳಿದ್ದು ಜಾರಿಯ ಈ ದೋಷವನ್ನೇ: ನಿರ್ಣಯಗಳಿಗೆ ಬರವಿಲ್ಲ, ಅವು ಜಾರಿಯಾಗುವುದಿಲ್ಲ.

ಶಾಂತಿ ಮತ್ತು ಭದ್ರತೆ

ಸುಡಾನ್‌ನಲ್ಲಿ 2023ರ ಏಪ್ರಿಲ್‌ನಿಂದ ಯುದ್ಧ ನಡೆದಿದೆ. ಆಯೋಗದ ಅಧ್ಯಕ್ಷರ ಚುನಾವಣೆಗೆ ಕೆಲವೇ ವಾರ ಮೊದಲು ಕಾಂಗೋದ ಗೋಮಾ ನಗರ ಎಂ-23 ಬಂಡುಕೋರರ ವಶವಾಗಿತ್ತು. ಸೊಮಾಲಿಯದಲ್ಲಿ 2007ರಿಂದ ಒಕ್ಕೂಟದ ಪಡೆಗಳಿವೆ. 2016ರಲ್ಲಿ ಯುರೋಪಿಯನ್ ಒಕ್ಕೂಟ ಅವುಗಳ ಭತ್ಯೆಗೆ ನೀಡುತ್ತಿದ್ದ ನೆರವನ್ನು ಶೇ. 20ರಷ್ಟು ಕಡಿತಗೊಳಿಸಿತು. ಪರಾವಲಂಬನೆಯ ಬೆಲೆ ತೆರುವವರು ಕೊನೆಗೆ ಸೈನಿಕರು. 2023ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ ಭದ್ರತಾ ಮಂಡಳಿಯ 2719ನೆಯ ನಿರ್ಣಯವು ಇಂಥ ಕಾರ್ಯಾಚರಣೆಗಳ ವೆಚ್ಚದ ಶೇ. 75ರವರೆಗೆ ವಿಶ್ವಸಂಸ್ಥೆಯ ವಂತಿಗೆಯಿಂದ ಕೊಡಲು ದಾರಿ ಮಾಡಿದೆ. ಆದರೆ ಪ್ರತಿ ಪ್ರಕರಣಕ್ಕೂ ಮಂಡಳಿಯ ಒಪ್ಪಿಗೆ ಬೇಕು.

ವ್ಯಾಪಾರ ಮತ್ತು ಸಂಚಾರ

ಆಫ್ರಿಕಾ ಖಂಡದ ಮುಕ್ತ ವ್ಯಾಪಾರ ಒಪ್ಪಂದಕ್ಕೆ 2018ರ ಮಾರ್ಚ್‌ನಲ್ಲಿ ಕಿಗಾಲಿಯಲ್ಲಿ ಸಹಿ ಬಿತ್ತು. ಎರಿಟ್ರಿಯ ಹೊರತು ಉಳಿದ ಸದಸ್ಯರೆಲ್ಲ ಸಹಿ ಹಾಕಿದ್ದಾರೆ. 2021ರ ಜನವರಿ 1ರಿಂದ ಅದರಡಿ ವ್ಯಾಪಾರಕ್ಕೆ ವಿಧ್ಯುಕ್ತ ಚಾಲನೆ ದೊರೆತಿದೆ. ಜನರ ಮುಕ್ತ ಸಂಚಾರದ ಒಪ್ಪಂದ ಮಾತ್ರ, ಜಾರಿಗೆ ಬೇಕಾದ 15 ದೇಶಗಳ ಸ್ಥಿರೀಕರಣ ಸಿಗದೆ, ನನೆಗುದಿಗೆ ಬಿದ್ದಿದೆ.

ಜಾಗತಿಕ ಸ್ಥಾನ

2023ರ ಸೆಪ್ಟೆಂಬರ್‌ನಲ್ಲಿ ನವದೆಹಲಿಯಲ್ಲಿ ಒಕ್ಕೂಟ ಜಿ-20ರ ಕಾಯಂ ಸದಸ್ಯನಾಯಿತು. ಈ ಪ್ರಸ್ತಾವ ಕರಡು ಘೋಷಣೆಗೆ ಸೇರಿದ್ದು ಆ ವರ್ಷದ ಜುಲೈಯಲ್ಲಿ ಹಂಪಿಯಲ್ಲಿ ನಡೆದ ಶೆರ್ಪಾಗಳ (ರಾಷ್ಟ್ರನಾಯಕರ ಪ್ರತಿನಿಧಿಗಳ) ಸಭೆಯಲ್ಲಿ. ಭದ್ರತಾ ಮಂಡಳಿಯಲ್ಲಿ ಕಾಯಂ ಸ್ಥಾನ ಮುಂದಿನ ಬೇಡಿಕೆ.

ಮೌಲ್ಯಮಾಪನ

ಆಯೋಗದ ಅಧ್ಯಕ್ಷರಿಗೆ ಸದಸ್ಯ ರಾಷ್ಟ್ರಗಳನ್ನು ಬಲವಂತಪಡಿಸುವ ಅಧಿಕಾರವಿಲ್ಲ; ಮನವೊಲಿಕೆಯೇ ಅವರ ಮುಖ್ಯ ಸಾಧನ. ಹೀಗಾಗಿ ಈ ಅವಧಿಯನ್ನು ಹೊಸ ಘೋಷಣೆಗಳಿಗಿಂತ, 2016ರ ಸುಂಕವನ್ನು ಇನ್ನೆಷ್ಟು ಖಜಾನೆಗಳು ಜಾರಿಗೆ ತಂದವು ಎಂಬುದರಿಂದ ಅಳೆಯುವುದು ಹೆಚ್ಚು ನ್ಯಾಯ.