ಸಮುದ್ರ ದಾಟಿದ ಕೀರ್ತಿ, ದಾಟದ ಕೀರ್ತಿ

ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ವರ್ಷದ ಕೊನೆಯ ಪಂದ್ಯಾವಳಿಗೆ ‘ವರ್ಲ್ಡ್ ಸೀರೀಸ್’ ಎಂದು ಹೆಸರು. 1903ರಲ್ಲಿ ಮೊದಲಾದ ಈ ಪಂದ್ಯಾವಳಿಯ ‘ವರ್ಲ್ಡ್’ ಎಂದರೆ ಅಮೆರಿಕ. ಬಹಳವೆಂದರೆ ನೆರೆಯ ಕೆನಡಾದ ಒಂದೆರಡು ಊರು. ಹೆಸರಿನ ಈ ಧಾರಾಳವನ್ನು ಕಂಡು ನಗುವವರುಂಟು. ನನಗೆ ಅದು ನಗೆಯ ವಿಷಯವೆನಿಸಿಲ್ಲ. ದೊಡ್ಡದೂ ಸಂಪನ್ನವೂ ಆದ ದೇಶವೊಂದು ತನ್ನೊಳಗೇ ಒಂದು ಲೋಕವಾಗಿಬಿಟ್ಟರೆ ಅದರ ಕ್ರೀಡಾವೀರರು ಗಡಿಯಾಚೆ ಯಾರಾಗಿ ಉಳಿಯುತ್ತಾರೆ? ಅಲ್ಲಿಯ ಕೀರ್ತಿ ಇಲ್ಲಿಯೂ ಚಲಾವಣೆಯಾಗುವ ನಾಣ್ಯವೆ? ಈ ಪ್ರಶ್ನೆಗೆ ಚರಿತ್ರೆಯಲ್ಲಿ ಸ್ವಾರಸ್ಯಕರವಾದ ಉತ್ತರಗಳಿವೆ.

ಬೇಬ್ ರೂತ್ ಎಂಬಾತನನ್ನೇ ತೆಗೆದುಕೊಳ್ಳೋಣ. 1927ರ ಒಂದೇ ಋತುವಿನಲ್ಲಿ ಆತ 60 ಹೋಂ ರನ್ ಹೊಡೆದ. ಹೋಂ ರನ್ ಎಂದರೆ ಸುಮಾರಾಗಿ ನಮ್ಮ ಕ್ರಿಕೆಟ್ಟಿನ ಸಿಕ್ಸರ್ ಎನ್ನಬಹುದು. 1930ರಲ್ಲಿ ಆತನ ಸಂಬಳ 80,000 ಡಾಲರ್; ರಾಷ್ಟ್ರಾಧ್ಯಕ್ಷ ಹೂವರ್ ಪಡೆಯುತ್ತಿದ್ದುದು 75,000. ಅಮೆರಿಕದಲ್ಲಿ ಆತನ ಮುಖವನ್ನರಿಯದ ಮಗುವಿರಲಿಲ್ಲ. 1932ರ ಬೇಸಿಗೆಯಲ್ಲಿ ಆಸ್ಟ್ರೇಲಿಯದ ಡಾನ್ ಬ್ರಾಡ್ಮನ್ ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ ಈತನೊಡನೆ ಕುಳಿತು ಒಂದು ಪಂದ್ಯ ನೋಡಿದ. ಕ್ರಿಕೆಟ್ಟನ್ನು ಬಲ್ಲ ನಾಡುಗಳಲ್ಲಿ ಜನ ಮುತ್ತುತ್ತಿದ್ದುದು ಬ್ರಾಡ್ಮನ್ನನನ್ನು. ಅಂದು ಅಲ್ಲಿ ಮುತ್ತಿದ್ದು ರೂತನನ್ನು. ಅಕ್ಕಪಕ್ಕದ ಆಸನಗಳಲ್ಲಿ ಎರಡು ಲೋಕಗಳು ಕುಳಿತಿದ್ದವು.

1934ರ ನವೆಂಬರಿನಲ್ಲಿ ರೂತ್ ಜಪಾನಿಗೆ ಹೋದ. ಟೋಕಿಯೊದ ಬೀದಿಗಳಲ್ಲಿ ಲಕ್ಷಾಂತರ ಜನ ಆತನನ್ನು ಸ್ವಾಗತಿಸಿದರು. ಇದು ಅಮೆರಿಕದ ಪ್ರಭಾವಕ್ಕೆ ಸಿಕ್ಕ ಸ್ವಾಗತವೆಂದು ನಾನು ನಂಬಲಾರೆ. 1872ರ ಹೊತ್ತಿಗೆ ಹೊರೇಸ್ ವಿಲ್ಸನ್ ಎಂಬ ಅಧ್ಯಾಪಕ ಟೋಕಿಯೊದ ವಿದ್ಯಾರ್ಥಿಗಳಿಗೆ ಬೇಸ್‌ಬಾಲ್ ಕಲಿಸಿದ್ದ. ಅರುವತ್ತು ವರ್ಷಗಳಲ್ಲಿ ಅದು ಜಪಾನೀಯರದೇ ಆಟವಾಗಿತ್ತು. ತಮ್ಮ ಆಟದ ದೊಡ್ಡವನನ್ನು ಅವರು ಎದುರುಗೊಂಡರು, ಅಷ್ಟೆ.

ಆ ಪ್ರವಾಸದಲ್ಲಿ ರೂತ್ 13 ಹೋಂ ರನ್ ಹೊಡೆದ. ಆದರೆ ಅದಕ್ಕಿಂತ ಹೆಚ್ಚು ದಿನ ಜಪಾನೀಯರ ನೆನಪಿನಲ್ಲಿ ಉಳಿದದ್ದು ನವೆಂಬರ್ 20ರಂದು ಶಿಜುವೋಕಾದಲ್ಲಿ ನಡೆದ ಪಂದ್ಯ. ಏಜಿ ಸವಾಮುರಾ ಎಂಬ 17 ವರ್ಷದ ಹುಡುಗ ಚೆಂಡೆಸೆದು ಗೇರಿಂಗರ್, ರೂತ್, ಗೆರಿಗ್, ಫಾಕ್ಸ್ ಈ ನಾಲ್ವರು ದಿಗ್ಗಜರನ್ನು ಒಬ್ಬರ ಹಿಂದೊಬ್ಬರಂತೆ ಔಟ್ ಮಾಡಿದ. ಕೊನೆಗೆ ಗೆರಿಗ್‌ನ ಒಂದು ಹೊಡೆತದಿಂದ ಜಪಾನ್ 1-0ರಲ್ಲಿ ಸೋತಿತು. ಸೋತರೇನು, ಹುಡುಗ ದೇಶದ ಕಣ್ಮಣಿಯಾದ. ಎಲ್ಲರಿಗೂ ಈ ಸಂಭ್ರಮ ಹಿಡಿಸಿತೆನ್ನಲಾಗದು. ಅಮೆರಿಕನರನ್ನು ಕರೆಸಿದ ಪತ್ರಿಕೆಯ ಒಡೆಯ ಶೋರಿಕಿಯನ್ನು ಮರುವರ್ಷವೇ ಉಗ್ರ ರಾಷ್ಟ್ರವಾದಿಯೊಬ್ಬ ಕತ್ತಿಯಿಂದ ಇರಿದ. ಸವಾಮುರಾ ಮುಂದೆ ಸೈನ್ಯಕ್ಕೆ ಸೇರಬೇಕಾಯಿತು. 1944ರ ಡಿಸೆಂಬರಿನಲ್ಲಿ ಆತನಿದ್ದ ಹಡಗನ್ನು ಅಮೆರಿಕದ ಜಲಾಂತರ್ಗಾಮಿಯೊಂದು ಮುಳುಗಿಸಿತು. ಆಗ ಆತನಿಗೆ 27 ವರ್ಷ. ಅಲ್ಲಿ ಉತ್ತಮ ಚೆಂಡೆಸೆತಗಾರನಿಗೆ ಕೊಡುವ ಪ್ರಶಸ್ತಿ 1947ರಿಂದ ಸವಾಮುರಾನ ಹೆಸರಿನಲ್ಲಿದೆ.

ಜಪಾನಿನಿಂದ ಹೊರಟ ರೂತ್ ಹೆಂಡತಿ ಮಗಳೊಡನೆ ಯೂರೋಪಿಗೆ ಬಂದ. ಪ್ಯಾರಿಸ್ಸಿನಲ್ಲಿ ಆತನನ್ನು ಗುರುತಿಸುವವರೇ ಸಿಗಲಿಲ್ಲ. ಲಂಡನ್ನಿನ ಕ್ರಿಕೆಟ್ ಶಾಲೆಯೊಂದರಲ್ಲಿ ಕುತೂಹಲಕ್ಕಾಗಿ ಬ್ಯಾಟು ಹಿಡಿದು ಬಲವಾಗಿಯೇ ಬೀಸಿದ. ಕೆಲವೇ ತಿಂಗಳ ಅಂತರದಲ್ಲಿ ಒಂದೇ ಮನುಷ್ಯ ಒಂದು ನಗರದಲ್ಲಿ ದೇವರು, ಇನ್ನೊಂದರಲ್ಲಿ ದಾರಿಹೋಕ! ಆಟವೂ ಒಂದು ಭಾಷೆ. ಭಾಷೆ ಬಾರದವನಿಗೆ ಮಹಾಕವಿಯ ಹೆಸರಿನಿಂದ ಆಗುವುದೇನು?

ಇದರ ತಿರುವುಮುರುವೂ ಉಂಟು. ವಾಲಿಬಾಲ್ ಅಮೆರಿಕದಲ್ಲಿ ಹುಟ್ಟಿದ್ದು 1895ರಲ್ಲಿ. ಬ್ಯಾಸ್ಕೆಟ್‌ಬಾಲ್ ಅದಕ್ಕೂ ನಾಲ್ಕು ವರ್ಷ ಮೊದಲು. ಎರಡೂ ವೈ.ಎಂ.ಸಿ.ಎ. ಸಂಸ್ಥೆಯವರ ಸೃಷ್ಟಿ. ಆ ಸಂಸ್ಥೆಯ ಬಕ್ ಎಂಬ ಅಮೆರಿಕನ್ 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಶಾಲೆ ತೆರೆದ. ನಮ್ಮ ಹಳ್ಳಿಯ ಶಾಲೆಯ ಬಯಲಿನಲ್ಲಿ ಎರಡು ಕಂಬ ನೆಟ್ಟು ಬಲೆ ಕಟ್ಟಿ ಸಂಜೆ ಕತ್ತಲಾಗುವವರೆಗೆ ಹುಡುಗರು ಆಡುವ ಆಟ ಅಮೆರಿಕದ್ದು. ಆದರೆ ಆ ಹುಡುಗರಲ್ಲಿ ಯಾರನ್ನು ಕೇಳಿದರೂ ಅಮೆರಿಕದ ಒಬ್ಬ ವಾಲಿಬಾಲ್ ಆಟಗಾರನ ಹೆಸರು ಬಾರದು. ಆಟ ಬಂದಿತು, ಹೆಸರುಗಳು ಹಡಗು ಹತ್ತಲಿಲ್ಲ.

ಮೈಕೆಲ್ ಜೋರ್ಡಾನನ ಮಾತು ಬೇರೆ. 1992ರ ಬಾರ್ಸಿಲೋನಾ ಒಲಿಂಪಿಕ್ಸಿಗೆ ಅಮೆರಿಕ ಮೊದಲ ಬಾರಿಗೆ ತನ್ನ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟಗಾರರನ್ನು ಕಳುಹಿಸಿತು. ಅದೇ ಕಾಲಕ್ಕೆ ಉಪಗ್ರಹ ಟೆಲಿವಿಷನ್ ಮನೆಮನೆಗೆ ಬರುತ್ತಿತ್ತು. ಬೆನ್ನಿಗೆ ಪಾದರಕ್ಷೆಯ ವ್ಯಾಪಾರವೂ ನಿಂತಿತು. ಇದನ್ನು ನಾನು ಅಲ್ಲಗಳೆಯುವುದಿಲ್ಲವಾದರೂ ಆ ಕೀರ್ತಿಯಲ್ಲಿ ಕಾಲಿನ ಪಾಲೆಷ್ಟು, ಬೂಟಿನ ಪಾಲೆಷ್ಟು ಎಂದು ಅಳೆಯುವ ಗೊಡವೆಗೆ ಹೋಗಲಾರೆ. ಅಮೆರಿಕನ್ ಫುಟ್‌ಬಾಲಿನ ಟಾಮ್ ಬ್ರೇಡಿ ಏಳು ಬಾರಿ ಸೂಪರ್ ಬೌಲ್ ಗೆದ್ದವನು. ನಮ್ಮ ಪೇಟೆಯಲ್ಲಿ ಆತ ತಲೆತಗ್ಗಿಸದೆ ತರಕಾರಿ ಕೊಂಡು ಹೋಗಬಹುದು.

ಇವರೆಲ್ಲರಿಂದ ಬೇರೆಯಾಗಿ ನಿಲ್ಲುವವನು ಮುಹಮ್ಮದ್ ಅಲಿ. ಮುಷ್ಟಿಯುದ್ಧಕ್ಕೆ ನಿಯಮಾವಳಿಯ ನಿಘಂಟು ಬೇಡ, ನಿಜ. ಆದರೆ ಆ ಮಾತು ಜಾರ್ಜ್ ಫೋರ್‌ಮನ್ನನಿಗೂ ಸಲ್ಲುತ್ತದಲ್ಲ! ಆತನೂ ಕಪ್ಪು ಜನಾಂಗದವನು, ಆತನೂ ಒಲಿಂಪಿಕ್ ವಿಜೇತ. 1968ರಲ್ಲಿ ಮೆಕ್ಸಿಕೊದಲ್ಲಿ ಗೆದ್ದಾಗ ಅಂಕಣದಲ್ಲೇ ಅಮೆರಿಕದ ಪುಟ್ಟ ಬಾವುಟವನ್ನು ಬೀಸಿದ್ದವನು. ಅಲಿಯಾದರೋ 1967ರಲ್ಲಿ ವಿಯೆಟ್ನಾಂ ಯುದ್ಧದ ಸೈನ್ಯಕ್ಕೆ ಸೇರಲೊಲ್ಲೆನೆಂದು ತನ್ನ ಸರ್ಕಾರಕ್ಕೆ ಹೇಳಿ, ಪಟ್ಟ ಕಳೆದುಕೊಂಡು, ಮೂರು ವರ್ಷಕ್ಕೂ ಮಿಕ್ಕಿ ಅಂಕಣದಿಂದ ದೂರವಿದ್ದವನು. 1974ರ ಅಕ್ಟೋಬರ್ 30ರಂದು ಆಫ್ರಿಕದ ಕಿನ್ಶಾಸಾದಲ್ಲಿ ಇಬ್ಬರೂ ಎದುರುಬದುರಾದಾಗ ಆ ಜನಸಾಗರ ಕೂಗಿದ್ದು ಅಲಿಯ ಹೆಸರನ್ನು. ಅವರು ಮೆಚ್ಚಿದ್ದು ಅಮೆರಿಕದ ವಿಜೇತನನ್ನಲ್ಲ, ಅಮೆರಿಕಕ್ಕೆ ‘ಇಲ್ಲ’ ಎಂದವನನ್ನು ಎಂಬುದು ನನ್ನ ಎಣಿಕೆ.

1980ರ ಆರಂಭದಲ್ಲಿ ಅಲಿ ಭಾರತಕ್ಕೆ ಬಂದಿದ್ದ. ಮದರಾಸಿನಲ್ಲಿ ಪ್ರದರ್ಶನ ಪಂದ್ಯವನ್ನೂ ಆಡಿದ. ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿದ್ದ ಸಮಯ ಅದು. ಮಾಸ್ಕೋ ಒಲಿಂಪಿಕ್ಸನ್ನು ಬಹಿಷ್ಕರಿಸುವಂತೆ ಆಫ್ರಿಕದ ದೇಶಗಳ ಮನವೊಲಿಸಲು ಅಧ್ಯಕ್ಷ ಕಾರ್ಟರ್ ಅಲಿಯನ್ನು ದೂತನನ್ನಾಗಿ ಕಳುಹಿಸಿದ. ಇಲ್ಲಿಂದಲೇ ಹೊರಟ ಅಲಿ ಮೊದಲು ಇಳಿದದ್ದು ಟಾಂಜಾನಿಯದಲ್ಲಿ. ಅಧ್ಯಕ್ಷ ನೈರೇರೆ ಆತನಿಗೆ ದರ್ಶನವನ್ನೇ ಕೊಡಲಿಲ್ಲ. ದಕ್ಷಿಣ ಆಫ್ರಿಕದ ವರ್ಣಭೇದದ ಕಾರಣಕ್ಕೆ ಆಫ್ರಿಕದ ದೇಶಗಳು 1976ರ ಮಾಂಟ್ರಿಯಲ್ ಕೂಟವನ್ನು ತೊರೆದಾಗ ಅಮೆರಿಕ ಜೊತೆಗೆ ಬಂದಿತ್ತೆ ಎಂದು ಪತ್ರಕರ್ತರು ಕೇಳಿದರು. ಆ ಸಂಗತಿ ತನಗೆ ತಿಳಿದೇ ಇರಲಿಲ್ಲವೆಂದು ಅಲಿ ಒಪ್ಪಿಕೊಂಡ. ಕೆನ್ಯಾ ಮಾಸ್ಕೋಗೆ ಹೋಗಲಿಲ್ಲ. ಟಾಂಜಾನಿಯ ಹೋಯಿತು, ಓಟದಲ್ಲಿ ಎರಡು ಬೆಳ್ಳಿಯ ಪದಕಗಳನ್ನು ಗೆದ್ದುಕೊಂಡು ಬಂದಿತು.